ವಿಶ್ವವಿದ್ಯಾಲಯದ ಬಾಗಿಲು ಮತ್ತು ಆಸ್ಟ್ರೇಲಿಯಾದ ಮೂಲನಿವಾಸಿಗಳು



1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಮಾರು ಮೂವತ್ತು ವಿದ್ಯಾರ್ಥಿಗಳು ಬಸ್ಸೊಂದನ್ನು ಬಾಡಿಗೆಗೆ ಹಿಡಿದು ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿಗೆ ಹೊರಟರು. ಅಲ್ಲಿನ ಮೋರಿ ಎಂಬ ಪಟ್ಟಣದ ಸಾರ್ವಜನಿಕ ಈಜುಕೊಳಕ್ಕೆ ಬಿಳಿಯರ ಮಕ್ಕಳು ಯಾವಾಗ ಬೇಕಾದರೂ ಹೋಗಬಹುದಿತ್ತು. ಮೂಲನಿವಾಸಿಗಳ ಮಕ್ಕಳಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ವಿದ್ಯಾರ್ಥಿಗಳು ಆ ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಕೊಳದ ಬಾಗಿಲಿಗೇ ಹೋಗಿ ನಿಂತರು. ಜನ ಸೇರಿದರು, ಕೂಗಾಟವಾಯಿತು, ಮೊಟ್ಟೆ ಟೊಮೆಟೊಗಳು ತೂರಿಬಂದವು.

ಈ ತಂಡದ ಮುಂದಾಳು ಚಾರ್ಲ್ಸ್ ಪರ್ಕಿನ್ಸ್. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ, ಫುಟ್ಬಾಲ್ ಆಡಿ ಓದಿನ ಖರ್ಚು ಹೊಂದಿಸಿಕೊಳ್ಳುತ್ತಿದ್ದ ಅಬಾರಿಜಿನಲ್ ತರುಣ. ಮರುವರ್ಷ, 1966ರಲ್ಲಿ, ಆತ ಬಿ.ಎ. ಮುಗಿಸಿದ. ಸಿಡ್ನಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1850ರಲ್ಲಿ. ಮೂಲನಿವಾಸಿ ಪುರುಷನೊಬ್ಬ ಅಲ್ಲಿಂದ ಪದವಿ ಪಡೆಯಲು 116 ವರ್ಷಗಳೇ ಬೇಕಾದವು! ಮೆಲ್ಬರ್ನ್‌ನಲ್ಲಿ ಮಾರ್ಗರೆಟ್ ವಿಲಿಯಮ್ಸ್ ಎಂಬ ಮಹಿಳೆ 1959ರಲ್ಲಿ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದಿದ್ದರು, ಅಷ್ಟೇ.

ಆ ಕಾಲದಲ್ಲಿ ವಿಶ್ವವಿದ್ಯಾಲಯದ ಬಾಗಿಲಿಗೆ ಬೀಗ ಹಾಕುವ ಅಗತ್ಯವೂ ಇರಲಿಲ್ಲ. ಬಾಗಿಲವರೆಗೆ ಬರುವ ದಾರಿಯೇ ಇರಲಿಲ್ಲ. ಮಿಷನ್ ವಸತಿಗಳಲ್ಲಿ, ಊರಾಚೆಯ ಗುಡಿಸಲುಗಳಲ್ಲಿ ಬೆಳೆದ ಮಕ್ಕಳಲ್ಲಿ ಹೈಸ್ಕೂಲು ಮುಗಿಸಿದವರೇ ಅಪರೂಪ. ಅವರ ವ್ಯಾಸಂಗಕ್ಕೆಂದೇ ಅಬ್‌ಸ್ಟಡಿ ಎಂಬ ವಿದ್ಯಾರ್ಥಿವೇತನವನ್ನು ಸರ್ಕಾರ ಆರಂಭಿಸಿದ್ದು 1969ರಲ್ಲಿ. ನಂತರ ಒಂದೊಂದೇ ಶಿಕ್ಷಣ ಸಂಸ್ಥೆ ಅವರಿಗಾಗಿ ಪ್ರತ್ಯೇಕ ನೆರವು ಕೇಂದ್ರ ತೆರೆಯಿತು. ಪಾಠ ಹೇಳಿಕೊಡುವವರು, ಅರ್ಜಿ ತುಂಬಿಸುವವರು, ಬೇಸರವಾದಾಗ ಕುಳಿತು ಚಹಾ ಕುಡಿಯಲು ಒಂದು ಕೋಣೆ. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾವಿರಾರು ವಿದ್ಯಾರ್ಥಿಗಳ ನಡುವೆ ತನ್ನವರು ಹತ್ತೇ ಜನ ಇದ್ದಾಗ ಅಂಥದೊಂದು ಕೋಣೆಯ ಬೆಲೆ ಬೇರೆಯೇ.

ಆದರೆ ಈ ಕೇಂದ್ರಗಳಿಂದ ಒಂದು ತೊಡಕೂ ಹುಟ್ಟಿತು. ಮೂಲನಿವಾಸಿ ವಿದ್ಯಾರ್ಥಿಯ ಕಷ್ಟವೆಲ್ಲ ಆ ಕೇಂದ್ರದ ತಲೆನೋವು, ಉಳಿದವರಿಗೆ ಸಂಬಂಧವಿಲ್ಲ ಎಂಬ ಭಾವನೆ ಬೆಳೆಯಿತು. 2012ರಲ್ಲಿ ಸರ್ಕಾರಕ್ಕೆ ವರದಿ ಒಪ್ಪಿಸಿದ ಸಮಿತಿ ಇದರ ಮೇಲೇ ಬೆರಳಿಟ್ಟಿತು. ಅದರ ಅಧ್ಯಕ್ಷೆ ಕಾನೂನು ಪ್ರಾಧ್ಯಾಪಕಿ ಲ್ಯಾರಿಸ್ಸಾ ಬೆರೆಂಟ್, ಸ್ವತಃ ಮೂಲನಿವಾಸಿ. ದುಡಿಯುವ ವಯಸ್ಸಿನವರಲ್ಲಿ ಮೂಲನಿವಾಸಿಗಳು ಶೇ. 2.2ರಷ್ಟಿದ್ದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಶೇ. 1.4 ಮಾತ್ರ, ಬೋಧಕರಲ್ಲಂತೂ ಶೇ. 1ಕ್ಕೂ ಕಡಿಮೆ. ಇದನ್ನು ಸರಿಪಡಿಸುವ ಹೊಣೆ ಒಂದು ಕೇಂದ್ರದ್ದಲ್ಲ, ಉಪಕುಲಪತಿಯಿಂದ ಹಿಡಿದು ಪ್ರತಿಯೊಂದು ವಿಭಾಗದ್ದು ಎಂದಿತು ವರದಿ.

ಹಾಗೆ ವಿಭಾಗವೊಂದು ಮೊದಲೇ ಹೊಣೆ ಹೊತ್ತ ನಿದರ್ಶನವೂ ಇದೆ. 1980ರ ದಶಕದ ನಡುವಿನಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಮೂಲನಿವಾಸಿಗಳನ್ನು ವಿಶೇಷವಾಗಿ ಸೇರಿಸಿಕೊಳ್ಳತೊಡಗಿತು. ಆಗ ದೇಶದಲ್ಲಿ ಮೂಲನಿವಾಸಿ ವೈದ್ಯರು ಹುಡುಕಿದರೂ ಸಿಗುತ್ತಿರಲಿಲ್ಲ. ಅವರಲ್ಲಿ ಮೊದಲಿಗರಾದ ಹೆಲೆನ್ ಮಿಲ್ರಾಯ್ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪದವಿ ಪಡೆದದ್ದೇ 1983ರಲ್ಲಿ. ನ್ಯೂಕ್ಯಾಸಲ್‌ನವರು ಅಂಕಪಟ್ಟಿಯೊಂದನ್ನೇ ನೆಚ್ಚದೆ ಅಭ್ಯರ್ಥಿಯನ್ನು ಕೂರಿಸಿ ಮಾತನಾಡಿಸಿದರು. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಅಲ್ಲಿ ರಿಯಾಯಿತಿ ಇಲ್ಲ. ನಮ್ಮಲ್ಲಿ ಮೀಸಲಾತಿ ಎಂದೊಡನೆ ಏಳುವ ಗುಣಮಟ್ಟದ ಪ್ರಶ್ನೆ ಅಲ್ಲಿಯೂ ಎದ್ದಿತೆನ್ನಿ. ಉತ್ತರ ಪದವೀಧರರಿಂದಲೇ ಬಂತು. ಮೊದಲಿಗರು 1990ರಲ್ಲಿ ಹೊರಬಂದರು. ಮುಂದೆ ಒಂದು ಹಂತದಲ್ಲಿ ದೇಶದ ಮೂಲನಿವಾಸಿ ವೈದ್ಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಒಂದೇ ಶಾಲೆಯಲ್ಲಿ ಕಲಿತವರಾಗಿದ್ದರು.

ಸೇರಿಸಿಕೊಳ್ಳುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು. ಆಸ್ಟ್ರೇಲಿಯಾದ ಲೆಕ್ಕದ ಪ್ರಕಾರ, ಪದವಿ ತರಗತಿಗೆ ಸೇರಿದ ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ ಒಂಬತ್ತು ವರ್ಷ ಕಾದರೂ ಓದು ಮುಗಿಸುವವರು ಸುಮಾರು ಅರ್ಧದಷ್ಟು. ಇತರರಲ್ಲಿ ಇದು ಮುಕ್ಕಾಲಿನ ಹತ್ತಿರ. ಬಿಟ್ಟುಹೋದವರೆಲ್ಲ ದಡ್ಡರೆಂದು ತಿಳಿಯಬೇಕಾಗಿಲ್ಲ. ಮನೆ ಸಾವಿರ ಕಿಲೊಮೀಟರ್ ದೂರ, ಕೈಯಲ್ಲಿ ಕಾಸಿಲ್ಲ, ಎಷ್ಟೋ ಮಂದಿಗೆ ಮಕ್ಕಳ ಜವಾಬ್ದಾರಿ. ಬಂಧುವೊಬ್ಬರು ತೀರಿಕೊಂಡರೆ ಹಲವು ದಿನ ಊರಿನಲ್ಲಿ ಉಳಿಯಲೇಬೇಕು. ಈ ಸೂತಕದ ಕರ್ತವ್ಯವನ್ನು ಅವರು ‘ಸಾರಿ ಬಿಸಿನೆಸ್’ ಎನ್ನುತ್ತಾರೆ. ಹದಿಮೂರು ದಿನದ ಕರ್ಮ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಜರಿ ಪುಸ್ತಕಕ್ಕೆ ಮಾತ್ರ ವಿವರಿಸಬೇಕಾಗುತ್ತದೆ. ಇಂಥ ರಜೆಗೆ, ಪರೀಕ್ಷೆಯ ಮುಂದೂಡಿಕೆಗೆ ಲಿಖಿತ ನಿಯಮ ಮಾಡುವುದಕ್ಕೆ ಹಣವೂ ಬೇಡ, ಹೊಸ ಕಟ್ಟಡವೂ ಬೇಡ. ಮೇಲಿನವರ ಒಂದು ಸಹಿ ಸಾಕು. ನಾರ್ದರ್ನ್ ಟೆರಿಟರಿಯ ಬ್ಯಾಚಲರ್ ಸಂಸ್ಥೆ ಇನ್ನೂ ಮುಂದೆ ಹೋಗಿ ಪಾಠದ ಕ್ರಮವನ್ನೇ ಬದಲಿಸಿತು. ವಿದ್ಯಾರ್ಥಿ ತನ್ನ ಸಮುದಾಯದಲ್ಲೇ ಇದ್ದು, ಕೆಲವು ವಾರ ಮಾತ್ರ ಸಂಸ್ಥೆಗೆ ಬಂದು ಒಟ್ಟಾಗಿ ಕಲಿತು ಹೋಗುವ ವ್ಯವಸ್ಥೆ ಅದು.

ಹಣದ ಮಾತಿಗೆ ಬಂದರೆ, 2017ರಿಂದ ಕೇಂದ್ರ ಸರ್ಕಾರ ಒಂದು ಷರತ್ತು ಹಾಕಿತು. ಮೂಲನಿವಾಸಿ ವಿದ್ಯಾರ್ಥಿಗಳ ಹೆಸರಿನಲ್ಲಿ ಅನುದಾನ ಬೇಕಾದರೆ, ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನದಲ್ಲಿ ಮೂಲನಿವಾಸಿಗಳೂ ಇರಬೇಕು. ಅವರಿಲ್ಲದ ಸಭೆಯಲ್ಲಿ ಅವರ ಹಿತ ನಿರ್ಧರಿಸುವ ಪದ್ಧತಿಗೆ ಇದರಿಂದ ಸ್ವಲ್ಪ ಕಡಿವಾಣ ಬಿತ್ತು. ಅದೇ ಸರ್ಕಾರ ಎಡವಿದ್ದೂ ಉಂಟು. ಅರ್ಧಕ್ಕಿಂತ ಹೆಚ್ಚು ವಿಷಯಗಳಲ್ಲಿ ಫೇಲಾದವರಿಗೆ ಶುಲ್ಕದ ನೆರವು ನಿಲ್ಲಿಸುವ ನಿಯಮವನ್ನು 2022ರಲ್ಲಿ ಜಾರಿಗೆ ತಂದರು. ಮೊದಲ ವರ್ಷ ತತ್ತರಿಸುವ ಬಡವರ ಮನೆಯ ಹುಡುಗರಿಗೇ ಅದರ ಪೆಟ್ಟು ಜೋರಾಗಿ ಬಿತ್ತು. ಕಡೆಗೆ 2024ರ ಆರಂಭದಿಂದ ಅದನ್ನು ಕೈಬಿಟ್ಟು, ಸೋಲುವ ವಿದ್ಯಾರ್ಥಿಯನ್ನು ಬೇಗ ಗುರುತಿಸಿ ನೆರವಾಗುವುದು ವಿಶ್ವವಿದ್ಯಾಲಯದ ಕರ್ತವ್ಯವೆಂದು ಕಾನೂನು ಮಾಡಿದರು. ಅದೇ ವರ್ಷದಿಂದ, ಅರ್ಹತೆ ಪಡೆದ ಮೂಲನಿವಾಸಿ ವಿದ್ಯಾರ್ಥಿ ಯಾವ ಊರಿನವನಾದರೂ ಅವನಿಗೆ ಸರ್ಕಾರಿ ನೆರವಿನ ಸೀಟು ಖಾತ್ರಿ. ವೈದ್ಯಕೀಯ ಮಾತ್ರ ಇದರಿಂದ ಹೊರಗುಳಿಯಿತು.

2021ರ ಜನಗಣತಿಯಲ್ಲಿ ತಾವು ಮೂಲನಿವಾಸಿಗಳೆಂದು ಬರೆಸಿದವರು 8 ಲಕ್ಷಕ್ಕೂ ಹೆಚ್ಚು, ಜನಸಂಖ್ಯೆಯ ಶೇ. 3.2. ಅಂದರೆ ಬೆರೆಂಟ್ ಸಮಿತಿ ಮುಟ್ಟಬೇಕೆಂದ ಗುರಿಯೇ ಮುಂದಕ್ಕೆ ಸರಿದಿದೆ.

ನ್ಯೂಕ್ಯಾಸಲ್‌ನಿಂದ 1990ರಲ್ಲಿ ಹೊರಬಂದ ಆ ಮೊದಲಿಗರಲ್ಲಿ ಒಬ್ಬರು ಸಾಂಡ್ರಾ ಈಡ್ಸ್, ನೂಂಗರ್ ಜನಾಂಗದ ಹೆಣ್ಣುಮಗಳು. ಮುಂದೆ ವೈದ್ಯಕೀಯ ಸಂಶೋಧನೆಯಲ್ಲಿ ಪಿಎಚ್.ಡಿ. ಪಡೆದರು. 2020ರಲ್ಲಿ ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ಅವರು ಡೀನ್ ಆದರು. ಆಸ್ಟ್ರೇಲಿಯಾದಲ್ಲಿ ಆ ಕುರ್ಚಿಯಲ್ಲಿ ಅದುವರೆಗೆ ಯಾವ ಮೂಲನಿವಾಸಿಯೂ ಕುಳಿತಿರಲಿಲ್ಲ.