ನಗರ ನಿವೇಶನವೂ ಮಾರ್ಗಚಿಂತನೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡದ ಉತ್ಸವದಲ್ಲಿ ಪಂಪ ರನ್ನರನ್ನು ಬಿಟ್ಟು ಬೀದಿ ಬಂಡಿಗಳ ಮಾತೇಕೆಂದು ತಾವು ಕೇಳಬಹುದು. ಭಾಷೆಗೆ ಆಶ್ರಯವಾದುದು ಜನ, ಜನಕ್ಕೆ ಆಶ್ರಯವಾದುದು ಊರು. ಊರಿನಲ್ಲಿ ಬಾಳುವುದು ದುಸ್ತರವಾದರೆ ಜನ ಚದುರುವರು. ಚದುರಿದ ಜನರಲ್ಲಿ ಮನೆಮಾತು ಎಷ್ಟು ಕಾಲ ನಿಂತೀತು? ಆದುದರಿಂದ ಊರು ಬೆಳೆಯುವ ಬಗೆಯನ್ನು ವಿಚಾರಿಸುವುದೂ ನಮ್ಮ ಕರ್ತವ್ಯವೇ ಆಗಿದೆ.

ಈ ವಿಚಾರ ನಮ್ಮ ಪೂರ್ವಿಕರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿವೇಶವನ್ನು ಹೇಳುವಾಗ ಪೂರ್ವಪಶ್ಚಿಮವಾಗಿ 3, ದಕ್ಷಿಣೋತ್ತರವಾಗಿ 3 ರಾಜಮಾರ್ಗಗಳನ್ನು ವಿಧಿಸಿದೆ. ರಥಬೀದಿಗೆ ಇಂತಿಷ್ಟು ದಂಡ ಅಗಲವೆಂದು ಅಳತೆಯನ್ನು ಕೊಟ್ಟು, ಆ ಬಳಿಕವೇ ಯಾವ ವೃತ್ತಿಯವರು ಎಲ್ಲಿ ನೆಲಸಬೇಕೆಂಬುದನ್ನು ನಿರೂಪಿಸಿದೆ. ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ದಾರಿಯನ್ನು ತಡೆದವನಿಗೆ 12 ಪಣ, ದೊಡ್ಡ ಪಶುಗಳ ದಾರಿಯನ್ನು ತಡೆದವನಿಗೆ 24 ಪಣ ದಂಡವೆಂದೂ ಹೇಳಿದೆ. ಮಾರ್ಗ ಮೊದಲು, ಮನೆ ಅನಂತರ ಎಂಬುದೇ ಇದರ ತಾತ್ಪರ್ಯ.

ಬೆಂಗಳೂರಿನ ಇತಿಹಾಸದಲ್ಲಿ ಈ ಸೂತ್ರವನ್ನು ಪಾಲಿಸಿದ ಕಾಲವೂ ಉಂಟು, ಮರೆತ ಕಾಲವೂ ಉಂಟು. 1898ರ ಪ್ಲೇಗಿನಿಂದ ಜನ ತತ್ತರಿಸಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಲ್ಲಿ ಬೀದಿಗಳ ಗೆರೆಯೆಳೆದು ನಿವೇಶನಗಳನ್ನು ಹಂಚಿದರು. ಮನೆಗಳ ಹಿಂದೆ ಓಣಿಗಳನ್ನು ಬಿಟ್ಟರು. ತರುವಾಯ ನಗರದ ಸುತ್ತ ಸುಮಾರು 60 ಕಿಲೋಮೀಟರು ಉದ್ದದ ಹೊರ ವರ್ತುಲ ರಸ್ತೆಯಾಯಿತು; 2002ರಲ್ಲಿ ಅದು ಪೂರ್ಣಗೊಂಡಿತು. ಊರೊಳಗಿನ ವಾಹನಗಳ ಹೊರೆಯನ್ನು ಇಳಿಸಲೆಂದು ಮಾಡಿದ ದಾರಿ ಅದು. ಆದರೆ ದಾರಿಯಾದೊಡನೆ ಅದರ ಮಗ್ಗುಲಿನ ನೆಲಕ್ಕೆ ಬೆಲೆ ಏರಿತು. ಬೆಲೆ ಏರಿದ ನೆಲದಲ್ಲಿ ಗಣಕೋದ್ಯಮದ ಮಹಡಿಗಳೆದ್ದವು. ಮಹಡಿಗೆ ಬರುವ ಸಹಸ್ರಾರು ಜನ ವಾಹನಗಳನ್ನು ತಂದರು. ಹೊರೆಯನ್ನು ಇಳಿಸಬೇಕಾದ ರಸ್ತೆ ತಾನೇ ಹೊರೆಯಲ್ಲಿ ಸಿಲುಕಿತು. ರೇಷ್ಮೆ ಮಂಡಳಿಯಿಂದ ಕೃಷ್ಣರಾಜಪುರದವರೆಗಿನ ಆ ದಾರಿಯಲ್ಲಿ ಮೆಟ್ರೋ ಕಾಮಗಾರಿ ಮೊದಲಾದುದು ಸುಮಾರು ಎರಡು ದಶಕಗಳ ತರುವಾಯ. ನೆಲದ ವಿಚಾರ ಒಂದು ಕಚೇರಿಯದು, ರಸ್ತೆ ಇನ್ನೊಂದರದು, ಬಸ್ಸು ಮತ್ತೊಂದರದು. ಇವುಗಳನ್ನು ಒಂದುಗೂಡಿಸಲೆಂದೇ ಕರ್ನಾಟಕದಲ್ಲಿ 2022ರಲ್ಲಿ ಬೆಂಗಳೂರು ಮಹಾನಗರದ ಭೂಸಾರಿಗೆ ಪ್ರಾಧಿಕಾರದ ಕಾಯಿದೆಯನ್ನು ಮಾಡಬೇಕಾಯಿತು.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದವರು 1947ರಲ್ಲಿಯೇ ಬೇರೆ ಬಗೆಯಾಗಿ ಯೋಚಿಸಿದರು. ಹಳೆಯ ಊರು ಅಂಗೈ, ರೈಲು ಮಾರ್ಗಗಳು ಐದು ಬೆರಳುಗಳು. ಹೊಸ ಮನೆಗಳು ಬೆರಳುಗಳಗುಂಟ ನಿಲ್ದಾಣಗಳ ಸಮೀಪದಲ್ಲಿ ಏಳಬೇಕು, ಬೆರಳುಗಳ ನಡುವಣ ಹೊಲ ತೋಪುಗಳು ಹಾಗೆಯೇ ಉಳಿಯಬೇಕು ಎಂಬುದು ಅವರ ಯೋಜನೆ. ಸಿಂಗಪುರದಲ್ಲಿ 1975ರಿಂದ ಜನನಿಬಿಡವಾದ ನಡುನಗರವನ್ನು ವಾಹನದಲ್ಲಿ ಪ್ರವೇಶಿಸುವವರು ಶುಲ್ಕ ತೆರಬೇಕಾಯಿತು.

ಮಹಾನಗರಗಳ ಕಥೆ ನಮಗೇಕೆ ಎನ್ನಬಾರದು. ಆ ಮಹಡಿಗಳಿಗೆ ಕಲ್ಲುಮಣ್ಣು ಹೊತ್ತವರಲ್ಲಿ ನಮ್ಮ ಸೀಮೆಯವರೂ ಇದ್ದಾರೆ. ‘ಪಾಲಮೂರು ಕೂಲಿ’ ಎಂಬ ಮಾತನ್ನು ಕೇಳದವರು ಇಲ್ಲಿ ಯಾರಿದ್ದಾರೆ? ಈಗ ಬೆಳವಣಿಗೆ ನಮ್ಮ ಬಾಗಿಲಿಗೂ ಬಂದಿದೆ. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲಾಕೇಂದ್ರಗಳಾದವು. 2023ರ ಅಕ್ಟೋಬರ್ 1ರಂದು ಜಕ್ಲೇರಿನಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿಲೋಮೀಟರು ರೈಲು ಮಾರ್ಗ ಉದ್ಘಾಟನೆಗೊಂಡು, ಮಕ್ತಲದ ಮೇಲೆ ಹೈದರಾಬಾದಿಗೂ ರಾಯಚೂರಿಗೂ ನೇರವಾದ ಸಂಬಂಧ ಏರ್ಪಟ್ಟಿತು. ಇದು ಸಂತೋಷದ ಸಂಗತಿ. ಆದರೆ ದಾರಿಯ ಬೆನ್ನಿಗೇ ‘ವೆಂಚರು’ಗಳು ಬರುತ್ತವೆ. ಜೋಳ ತೊಗರಿ ಬೆಳೆದ ಹೊಲದಲ್ಲಿ ಕಲ್ಲು ನೆಟ್ಟು ಗಜದ ಲೆಕ್ಕದಲ್ಲಿ ಮಾರುವಾಗ, ಒಂದು ಹೊಲದ ಬೀದಿ ಪಕ್ಕದ ಹೊಲದ ಬೀದಿಗೆ ಕೂಡದಿದ್ದರೆ ಎಲ್ಲರೂ ಇದ್ದೊಂದು ಹೆದ್ದಾರಿಗೇ ಬಂದು ಬೀಳಬೇಕು. ಇಂಥ ಅನುಮೋದನೆಯಿಲ್ಲದ ನಿವೇಶನಗಳನ್ನು ಕ್ರಮಬದ್ಧಗೊಳಿಸಲು ತೆಲಂಗಾಣ ಸರ್ಕಾರ 2020ರಲ್ಲಿ ಅರ್ಜಿಗಳನ್ನು ಕರೆದಾಗ ಬಂದವು ಲಕ್ಷಗಟ್ಟಲೆ. ಕಾಗದ ಕ್ರಮಬದ್ಧವಾದ ಮಾತ್ರಕ್ಕೆ ಇಕ್ಕಟ್ಟಾದ ಓಣಿ ಅಗಲವಾಗದು. ಮನೆ ಎದ್ದ ಮೇಲೆ ಬೀದಿ ಅಗಲವಾಗಬೇಕಾದರೆ ಯಾರದೋ ಗೋಡೆ ಬೀಳಲೇಬೇಕು.

ಆದಕಾರಣ ನನ್ನ ಬಿನ್ನಹಗಳು ಮೂರು. ನಿವೇಶನ ಕೊಳ್ಳುವವರು ಬೆಲೆಯನ್ನು ವಿಚಾರಿಸುವ ಮೊದಲು ಅನುಮೋದಿತ ನಕ್ಷೆಯನ್ನು ನೋಡಲಿ. ಅದರ ಬೀದಿ ಎಲ್ಲಿಗೆ ಕೂಡುವುದೆಂದು ಕೇಳಲಿ. ಸಂತೆ, ಶಾಲೆ, ಬಸ್ ನಿಲ್ದಾಣಗಳು ಮನೆಗಳಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರಲಿ. ಮಕ್ಕಳು ಹೆದ್ದಾರಿಯನ್ನು ದಾಟಿಯೇ ಶಾಲೆ ಸೇರಬೇಕಾದ ಸ್ಥಿತಿ ಬಾರದಿರಲಿ. ಮೂರನೆಯದು ನಮ್ಮ ಸಂಘಕ್ಕೇ ಸಂಬಂಧಿಸಿದುದು. ಊರಿನ ಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಜನರಿಗೆ ಅವಕಾಶ ಉಂಟು. ಆ ಪ್ರಕಟಣೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯನು ತನ್ನ ಹೊಲದ ಮೇಲೆ ಬೀದಿ ಹಾದುದನ್ನು ಅರಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಸಂಘದ ಎರಡು ಭಾಷೆ ಬಲ್ಲ ತರುಣರು ಅದರ ಸಾರವನ್ನು ಕನ್ನಡದಲ್ಲಿ ಬರೆದು ಗುಡಿಯ ಕಟ್ಟೆಯ ಮೇಲೆ ಓದಿ ಹೇಳಲಿ, ಅರ್ಜಿ ಬರೆದುಕೊಡಲಿ. ಇದಕ್ಕಿಂತ ಮಿಗಿಲಾದ ಕನ್ನಡ ಸೇವೆ ಈ ಗಡಿಸೀಮೆಯಲ್ಲಿ ಅಪರೂಪವೆಂದೇ ನಾನು ಭಾವಿಸುತ್ತೇನೆ.

ಈ ಕಾರ್ಯವನ್ನು ಸಂಘವು ಈ ವರ್ಷವೇ ಕೈಗೊಳ್ಳಲೆಂದು ಪ್ರಾರ್ಥಿಸುತ್ತೇನೆ.