ಅಂಗವಿಕಲರಿಗೆ ಬೇಕಾದುದು ದಯೆಯಲ್ಲ, ಪಾಲು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರು ಕೂಡಿದ್ದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

ಈ ಸಲದ ವಾರ್ಷಿಕ ಸಭೆಯನ್ನು ಮಾಳಿಗೆಯ ಮೇಲಿನ ಕಚೇರಿಯಲ್ಲಿ ನಡೆಸದೆ ಕೆಳಗೆ ಅಂಗಳದಲ್ಲಿ ಚಪ್ಪರ ಹಾಕಿಸಿ ನಡೆಸುತ್ತಿರುವುದು ಏಕೆಂದು ಹಲವರು ಕೇಳಿದಿರಿ. ಚಪ್ಪರದ ಖರ್ಚು ಯಾರ ತಲೆಗೆ ಎಂದೂ ಕೇಳಿದಿರಿ. ಎರಡಕ್ಕೂ ಉತ್ತರ ಹೇಳುತ್ತೇವೆ.

ನಮ್ಮ ಕಚೇರಿಗೆ ಹದಿನೇಳು ಮೆಟ್ಟಿಲು. ಇಷ್ಟು ವರ್ಷ ನಾವು ಅವನ್ನು ಎಣಿಸಿರಲಿಲ್ಲ. ಎಣಿಸುವಂತೆ ಮಾಡಿದವರು ನಮ್ಮ ಸಂಘದವರೇ ಆದ ಒಬ್ಬ ಹಮಾಲರು. ಹತ್ತಿಯ ಬೇಲು ಜಾರಿ ಬಿದ್ದು ಅವರ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಪರಿಹಾರದ ಮೊಕದ್ದಮೆಯನ್ನು ನಾವೇ ನಡೆಸಿದೆವು. ಹಣ ಬಂತು, ಸಂಘಕ್ಕೆ ಗೆಲುವಾಯಿತೆಂದು ಬೀಗಿದೆವು. ಆಮೇಲೆ ಮೂರು ವರ್ಷ ಅವರು ಸಭೆಗೆ ಬರಲಿಲ್ಲ. ಸಂಘದ ಚುನಾವಣೆಯಲ್ಲಿ ಓಟು ಹಾಕಲಿಲ್ಲ. ಚಂದಾ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಬಾಕಿ' ಎಂದು ಬರೆದೆವು. ಹಣ ಕೈಗೆ ಬಂದ ಮೇಲೆ ಸಂಘ ಬೇಡವಾಯಿತು ಎಂದು ನಮ್ಮಲ್ಲೇ ಕೆಲವರು ಆಡಿಕೊಂಡರು. ಕೊನೆಗೆ ಬಾಕಿ ಕೇಳಲು ಮನೆಗೆ ಹೋದಾಗ ಅವರು ಮೂರು ವರ್ಷದ ಚಂದಾ ಎಣಿಸಿ ಕೈಗಿಟ್ಟು ಹೇಳಿದರು:

"ದುಡ್ಡು ಇಟ್ಕೊಂಡೇ ಕೂತಿದ್ದೆ ಅಣ್ಣಾ. ಆ ಮೆಟ್ಲು ಹತ್ತೋಕಾಗಲ್ಲ. ಹುಡುಗ್ರು ಎತ್ಕೊಂಡು ಹೋಗ್ತೀವಿ ಅಂದ್ರು. ಆಯುಷ್ಯವೆಲ್ಲ ಮೂಟೆ ಹೊತ್ತೋನು ನಾನು. ಈಗ ನಾನೇ ಮೂಟೆ ಆಗಿ ಸಭೆಗೆ ಬರ್ಲಾ?"

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಚಪ್ಪರವೇ ಉತ್ತರ. ಇಂದು ಅವರು ನಿಮ್ಮ ನಡುವೆ ಕುಳಿತಿದ್ದಾರೆ. ಚಪ್ಪರದ ಖರ್ಚು ಸಂಘದ ತಲೆಗೆ.

ಬಂಧುಗಳೆ, ಅಂಗವಿಕಲರೆಂದರೆ ಯಾರೋ ಬೇರೆಯವರು ಎಂದು ನಾವು ತಿಳಿದಿದ್ದೇವೆ. 2011ರ ಜನಗಣತಿ ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರನ್ನು ಲೆಕ್ಕ ಹಾಕಿತು. ಕರ್ನಾಟಕದಲ್ಲಿಯೇ 13 ಲಕ್ಷಕ್ಕೆ ಮೇಲೆ. ಇವರೆಲ್ಲರೂ ಹುಟ್ಟಿನಿಂದ ಹಾಗಿದ್ದವರಲ್ಲ. ಯಂತ್ರದ ಬೆಲ್ಟು, ಮೇಲಿನಿಂದ ಬಿದ್ದ ಮೂಟೆ, ರಸ್ತೆಯ ಲಾರಿ, ವಾಸಿಯಾಗದ ಸಕ್ಕರೆ ಕಾಯಿಲೆ, ಇವೂ ಅಂಗವಿಕಲರನ್ನು ಮಾಡುತ್ತವೆ. ಬೆಳಿಗ್ಗೆ ಎರಡು ಕೈಯಿಂದ ಗಿರಣಿಗೆ ಹೋದವನು ಸಂಜೆ ಒಂದೇ ಕೈಯಿಂದ ಮರಳಬಹುದು. ಆದ್ದರಿಂದ ಇದು ನಮ್ಮದೇ ಪ್ರಶ್ನೆ.

ನಮ್ಮ ಕೈಗೆ ಎರಡು ಕಾನೂನು ಎರಡು ಬೆಲೆ ಕಟ್ಟಿವೆ, ನೋಡಿ. 1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯಿದೆಗೆ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ಒಂದು ಕೈಯ ನಾಲ್ಕು ಬೆರಳೂ ಹೋದರೆ ನೂರಕ್ಕೆ 50. ಇದು ಯಂತ್ರದ ಮುಂದೆ ನಿಂತ ಮನುಷ್ಯನ ಲೆಕ್ಕ.

ಇನ್ನೊಂದು, 1961ರ ಚುನಾವಣಾ ನಿಯಮ. ಓಟು ಹಾಕುವವನ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಬೇಕೆಂದು ಅದು ಹೇಳುತ್ತದೆ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ತೋರುಬೆರಳು ಇಲ್ಲದಿದ್ದರೆ? ಆ ಕೈಯ ಬೇರೆ ಬೆರಳಿಗೆ. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ? ಬಲಗೈಯ ಬೆರಳಿಗೆ. ಎರಡು ಕೈಯಲ್ಲೂ ಬೆರಳಿಲ್ಲದಿದ್ದರೆ? ತೋಳು ಎಲ್ಲಿಯವರೆಗೆ ಉಳಿದಿದೆಯೋ ಆ ತುದಿಗೆ. ಓಟು ಮಾತ್ರ ನೂರಕ್ಕೆ ನೂರು. ಬೆರಳು ಕಡಿಮೆಯಾಯಿತೆಂದು ಓಟು ಅರ್ಧವಾಗುವುದಿಲ್ಲ. ದುಡಿಮೆಯ ಪೇಟೆಯಲ್ಲಿ ಅರ್ಧ ಬೆಲೆಗೆ ಇಳಿದ ಮನುಷ್ಯ ಪ್ರಜಾಪ್ರಭುತ್ವದಲ್ಲಿ ಪೂರ್ತಿ ಮನುಷ್ಯ.

ಆದರೆ ಆ ಪೂರ್ತಿ ಓಟು ಶಾಲೆಯ ಮೆಟ್ಟಿಲ ಬಳಿ ಬಂದು ನಿಂತುಬಿಡುತ್ತದೆ. ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಜಾವೇದ್ ಅಬೀದಿ ಎಂಬ ಹೋರಾಟಗಾರರು 2004ರ ಲೋಕಸಭಾ ಚುನಾವಣೆಗೆ ಮುಂಚೆ ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಆ ವರ್ಷದ ಏಪ್ರಿಲ್‌ನಲ್ಲಿ, ಮತಗಟ್ಟೆಗಳಿಗೆ ಮರದ ಇಳಿಜಾರು ಹಲಗೆ ಹಾಕಿಸಬೇಕೆಂದು ಕೋರ್ಟು ಆಜ್ಞೆ ಮಾಡಿತು. ಸ್ವಾತಂತ್ರ್ಯ ಬಂದು 57 ವರ್ಷವಾಗುತ್ತಿತ್ತು. ಒಂದು ಮರದ ಹಲಗೆಗೆ ದೇಶದ ಅತಿ ದೊಡ್ಡ ನ್ಯಾಯಾಲಯದ ಆಜ್ಞೆ ಬೇಕಾಯಿತು!

ಆಮೇಲೆ ಕಾನೂನು ಮುಂದೆ ಹೋಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಪ್ರತಿಯೊಂದು ಮತಗಟ್ಟೆಯೂ ಅಂಗವಿಕಲರು ಹೋಗಿ ಬರುವಂತಿರಬೇಕು. ಕುರುಡರಿಗಾಗಿ ಮತಯಂತ್ರದ ಮೇಲೆ ಬ್ರೈಲ್ ಅಂಕೆಗಳಿವೆ. ಬೇಕಾದರೆ ಒಬ್ಬ ಸಂಗಡಿಗನನ್ನು ಒಳಗೆ ಕರೆದೊಯ್ಯಬಹುದು. ಆದರೆ ಒಬ್ಬ ಸಂಗಡಿಗ ಒಂದು ದಿನ ಒಬ್ಬರಿಗೆ ಮಾತ್ರ ನೆರವಾಗಬೇಕು, ಗುಟ್ಟು ಕಾಪಾಡಬೇಕು. ಪಕ್ಷದ ಹುಡುಗನೊಬ್ಬ ಹತ್ತು ಮಂದಿಯ ಕೈ ಹಿಡಿದು ಒಳಗೆ ಹೋಗುವುದು ಕಾನೂನಿಗೆ ವಿರುದ್ಧ. ನಮ್ಮ ಪಕ್ಷದವನು ಹೋದರೂ ವಿರುದ್ಧವೆ.

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿಯೂ, 2024ರ ಲೋಕಸಭಾ ಚುನಾವಣೆಯಲ್ಲಿ ದೇಶವೆಲ್ಲದರಲ್ಲಿಯೂ, ಅಂಗವಿಕಲರಿಗೆ ಮನೆಯಿಂದಲೇ ಓಟು ಹಾಕುವ ಅವಕಾಶ ಬಂತು. ನೂರಕ್ಕೆ 40 ಅಥವಾ ಹೆಚ್ಚು ವೈಕಲ್ಯವಿದ್ದವರು 12ಡಿ ನಮೂನೆಯಲ್ಲಿ ಅರ್ಜಿ ಕೊಡಬೇಕು. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಉಪಕಾರ. ಆದರೆ ಇದನ್ನೇ ನೆಪಮಾಡಿ ಮತಗಟ್ಟೆಯ ಮೆಟ್ಟಿಲನ್ನು ಹಾಗೆಯೇ ಬಿಟ್ಟರೆ ನಾವು ಒಪ್ಪಬಾರದು. ಓಟಿನ ದಿನ ಸಾಲಿನಲ್ಲಿ ನಿಲ್ಲುವುದು, ನಾಲ್ಕು ಜನರ ಮುಖ ನೋಡುವುದು, ಆಳುವವರ ಮೇಲಿನ ಸಿಟ್ಟನ್ನು ಬಾಯಿಬಿಟ್ಟು ಆಡುವುದು, ಇವೂ ಓಟಿನ ಭಾಗಗಳೆ. ಮನೆಯಲ್ಲಿ ಉಳಿಯುವುದು ಅವರ ಇಷ್ಟವಾಗಿರಬೇಕೇ ಹೊರತು ನಮ್ಮ ಅನುಕೂಲವಾಗಿರಬಾರದು.

2024ರಲ್ಲಿ ಚುನಾವಣಾ ಆಯೋಗ ಮತದಾರರ ಪಟ್ಟಿಯಲ್ಲಿ 88 ಲಕ್ಷ ಚಿಲ್ಲರೆ ಅಂಗವಿಕಲರಿದ್ದಾರೆಂದು ಹೇಳಿತು. ಜನಗಣತಿಯ ಲೆಕ್ಕದಿಂದ ಮಕ್ಕಳನ್ನು ಕಳೆದರೂ ಅಂತರ ದೊಡ್ಡದು. ಪಟ್ಟಿಯಲ್ಲಿ ಹೆಸರಿದ್ದರೂ ಅಂಗವಿಕಲರೆಂದು ಗುರುತಾಗದವರು ಬಹಳ ಮಂದಿ. ಗುರುತಾಗದಿದ್ದರೆ ಯಾವ ಮತಗಟ್ಟೆಗೆ ಗಾಲಿಕುರ್ಚಿ ಬೇಕೆಂದು ಅಧಿಕಾರಿಗೆ ಗೊತ್ತಾಗುವುದಿಲ್ಲ. ಈ ಕೆಲಸ ನಾವು ಮಾಡಬಹುದಾದುದು, ಸರ್ಕಾರಕ್ಕೆ ಕಾಯಬೇಕಾಗಿಲ್ಲ.

ಇನ್ನು ದಯೆಯ ಮಾತು. ವರ್ಷಕ್ಕೊಮ್ಮೆ ಹಣ್ಣು ಹಂಚಿ, ಗಾಲಿಕುರ್ಚಿ ಕೊಟ್ಟು, ಫೋಟೋ ಹಿಡಿಸಿಕೊಳ್ಳುವ ಧಣಿಗಳನ್ನು ನಾವೆಲ್ಲ ನೋಡಿದ್ದೇವೆ. ಕುರ್ಚಿ ಬೇಡವೆನ್ನುವುದಿಲ್ಲ. ಆ ಕುರ್ಚಿ ಧಣಿಯ ಅಂಗಡಿಯ ಹೊಸ್ತಿಲು ದಾಟುವುದೆ ಎಂದು ಕೇಳುತ್ತೇವೆ. ಹೆಸರಿನ ವಿಷಯವೂ ಹಾಗೆಯೆ. ಅಂಗವಿಕಲರು ಎಂದರು, ವಿಕಲಚೇತನರು ಎಂದರು, ದಿವ್ಯಾಂಗರು ಎಂದರು. ಹೆಸರು ಎತ್ತರವಾಯಿತು, ಮೆಟ್ಟಿಲು ತಗ್ಗಲಿಲ್ಲ.

ಇದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಕುರುಡ ಕಾರ್ಮಿಕರು. ಬುಟ್ಟಿ, ಚಾಪೆ, ಬ್ರಷ್ ಮಾಡುವ ಧರ್ಮಸಂಸ್ಥೆಗಳ ಕಾರ್ಯಾಗಾರಗಳಲ್ಲಿ ಅರೆಹೊಟ್ಟೆಯ ಕೂಲಿಗೆ ದುಡಿಯುತ್ತಿದ್ದ ಅವರು 1899ರಲ್ಲಿಯೇ ತಮ್ಮದೇ ಸಂಘವನ್ನು ಕಾರ್ಮಿಕ ಸಂಘವೆಂದು ನೋಂದಾಯಿಸಿದ್ದರು. 1920ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್, ಲೀಡ್ಸ್, ನ್ಯೂಪೋರ್ಟ್ ಊರುಗಳಿಂದ ಮೂರು ತಂಡಗಳಾಗಿ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಅವರ ಬಾವುಟದ ಮೇಲೆ ಇದ್ದುದು ಒಂದೇ ಮಾತು: ಧರ್ಮವಲ್ಲ, ನ್ಯಾಯ. ಸುಮಾರು ಮೂರು ವಾರ ನಡೆದು ಲಂಡನ್ ಸೇರಿ, ಪ್ರಧಾನಿ ಲಾಯ್ಡ್ ಜಾರ್ಜ್ ಭೇಟಿ ಕೊಡುವವರೆಗೂ ಕದಲಲಿಲ್ಲ. ಅದೇ ವರ್ಷ ಕುರುಡರಿಗಾಗಿ ಕಾಯಿದೆ ಬಂತು. 70 ವರ್ಷಕ್ಕೆ ಸಿಗುತ್ತಿದ್ದ ಪಿಂಚಣಿ ಅವರಿಗೆ 50ಕ್ಕೇ ದೊರೆಯಿತು. ಕೇಳಿದ್ದೆಲ್ಲವೂ ಸಿಗಲಿಲ್ಲ. ಆದರೆ ಭಿಕ್ಷೆಯಾಗಿ ಬಂದದ್ದಲ್ಲ, ನಡೆದು ಗಳಿಸಿದ್ದು. 1951ರಲ್ಲಿ ಕಾಗೋಡಿನ ಗೇಣಿದಾರರು ಕೇಳಿದ್ದೂ ಒಡೆಯನ ಕರುಣೆಯನ್ನಲ್ಲ, ನ್ಯಾಯವಾದ ಕೊಳಗವನ್ನು. ಎರಡೂ ಒಂದೇ ಜಾತಿಯ ಮಾತುಗಳು.

ವರ್ತಕ ಬಂಧುಗಳಿಗೆ ಒಂದು ಮಾತು. ನಿಮ್ಮ ಅಂಗಡಿಗಳೂ ಸಾರ್ವಜನಿಕ ಜೀವನವೆ. ಚರಂಡಿಯ ಮೇಲಿನ ಕಲ್ಲು ಚಪ್ಪಡಿಯಿಂದ ಅಂಗಡಿಗೆ ಎರಡು ಮೆಟ್ಟಿಲಿದ್ದರೆ ಒಂದು ಹಲಗೆ ಸಾಕು. ಬಡಗಿಗೆ ಅರ್ಧ ದಿನದ ಕೆಲಸ. ಬಟ್ಟೆ ವ್ಯಾಪಾರಿಗಳೂ ದರ್ಜಿಗಳೂ ಇಲ್ಲಿದ್ದೀರಿ. ಗಾಲಿಕುರ್ಚಿಯಲ್ಲಿ ಕೂತೇ ಇರುವವರಿಗೆ ಷರಾಯಿ ಹಿಂದೆ ಎತ್ತರವಾಗಿ, ಮುಂದೆ ತಗ್ಗಾಗಿ ಇರಬೇಕು. ಒಂದೇ ಕೈಯವರಿಗೆ ಗುಂಡಿಗಿಂತ ಅಂಟುಪಟ್ಟಿ ಸುಲಭ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 2013ರಲ್ಲಿ ಅಂಗವಿಕಲರ ಮೈ ಅಳತೆಯಲ್ಲೇ ಗೊಂಬೆಗಳನ್ನು ಮಾಡಿಸಿ, ಹೊಸ ಉಡುಪು ತೊಡಿಸಿ, ಊರಿನ ದೊಡ್ಡ ಬೀದಿಯ ಅಂಗಡಿಗಳಲ್ಲಿ ನಿಲ್ಲಿಸಿದರು. ಹಾದುಹೋಗುವವರು ನಿಂತು ನೋಡಿದರು. ಅಂಗವಿಕಲನಿಗೆ ಹಳೆ ಬಟ್ಟೆ ದಾನ ಮಾಡುವ ನಾವು, ಅವನಿಗೂ ಹಬ್ಬಕ್ಕೆ ಅಂದವಾಗಿ ಉಡುವ ಆಸೆ ಇರುವುದೆಂದು ಎಂದಾದರೂ ಅಳತೆ ತೆಗೆದುಕೊಂಡಿದ್ದೇವೆಯೆ?

ಕೆಲಸದ ವಿಷಯ ಎಲ್ಲಕ್ಕಿಂತ ಕಠಿಣವಾದುದು. ನೌಕರಿಯಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆಯಬಾರದು, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 2016ರ ಕಾಯಿದೆ ಹೇಳುತ್ತದೆ. ಆದರೆ ಆ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ. ಖಾಸಗಿ ಗಿರಣಿಯ ಹಮಾಲರಿಗೆ ಅದು ಇಲ್ಲ. ಕಾನೂನು ಕೊಡದಿದ್ದುದನ್ನು ಒಪ್ಪಂದದಲ್ಲಿ ಪಡೆಯುವುದಕ್ಕಾಗಿಯೇ ಸಂಘ ಇರುವುದು.

ಆದುದರಿಂದ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನಿಡುತ್ತೇವೆ. ಒಂದು, ಇನ್ನು ಮುಂದೆ ಸಂಘದ ಸಭೆ, ಚುನಾವಣೆ ಎಲ್ಲವೂ ನೆಲದ ಮಟ್ಟದಲ್ಲಿ ನಡೆಯಬೇಕು. ಎರಡು, ನಮ್ಮ ಬೀದಿಗಳ ಅಂಗವಿಕಲ ಮತದಾರರ ಪಟ್ಟಿ ಮಾಡಿ, ಪ್ರತಿ ಮತಗಟ್ಟೆಯ ಮೆಟ್ಟಿಲೆಣಿಸಿ, ಎರಡನ್ನೂ ತಹಸೀಲ್ದಾರರಿಗೆ ಒಪ್ಪಿಸಬೇಕು. ಮೂರು, ಮಾಲೀಕರೊಡನೆ ಮುಂದಿನ ಒಪ್ಪಂದದಲ್ಲಿ, ಅಪಘಾತಕ್ಕೊಳಗಾದವರಿಗೆ ಅದೇ ಸಂಬಳದ ಬದಲಿ ಕೆಲಸ ಎಂಬ ಕಲಮು ಸೇರಬೇಕು. ನಾಲ್ಕು, ತಮಿಳುನಾಡಿನ ಶಾಸನಸಭೆ 2025ರ ಏಪ್ರಿಲ್‌ನಲ್ಲಿ ಪಂಚಾಯಿತಿ ಪುರಸಭೆಗಳಿಗೆ ಅಂಗವಿಕಲರನ್ನು ನಾಮಕರಣ ಮಾಡುವ ಮಸೂದೆಗಳನ್ನು ಒಪ್ಪಿತು. ನಮ್ಮ ಪಕ್ಷ ನಾಮಕರಣಕ್ಕೆ ಕಾಯದೆ ಪುರಸಭೆಯ ಚುನಾವಣೆಗೆ ಒಬ್ಬ ಅಂಗವಿಕಲ ಅಭ್ಯರ್ಥಿಯನ್ನು ನಿಲ್ಲಿಸಬೇಕು. ಇದುವರೆಗೆ ನಾವು ಒಬ್ಬರನ್ನೂ ನಿಲ್ಲಿಸಿಲ್ಲ. ಈ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟಲಾರೆವು.

ಮೂರನೆಯ ಸೂಚನೆಯನ್ನು ನಾವು ಮಂಡಿಸುವುದಿಲ್ಲ. ಮೂರು ವರ್ಷದ ಚಂದಾ ಎಣಿಸಿಕೊಟ್ಟ ಆ ಹಮಾಲರೇ ಮಂಡಿಸುತ್ತಾರೆ. ಅವರು ವೇದಿಕೆ ಹತ್ತಬೇಕಾಗಿಲ್ಲ; ಈ ಸಲ ವೇದಿಕೆಯನ್ನೇ ಕಟ್ಟಿಲ್ಲ. ಕೂತಲ್ಲಿಂದಲೇ ಮಾತನಾಡಲಿ. ಧ್ವನಿವರ್ಧಕವನ್ನು ಅವರ ಬಳಿಗೆ ಒಯ್ಯಿರಿ.