ಸೂಜಿಗಿಂತ ಮೊದಲು ಚಿತ್ರ



ವೈದ್ಯವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲೇ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಷರತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ನಾನು ವಿಷಯ ತಿಳಿಸಿದಾಗ ಸಂಘಟಕರು ಸ್ವಲ್ಪ ಹಿಂದೆಮುಂದೆ ನೋಡಿದರು. ಹೆಂಗಸರೂ ಕೂತಿರುವ ಸಭೆ, ಮಲಮೂತ್ರದ ಮಾತೆಲ್ಲ ಬರುತ್ತದಲ್ಲ ಎಂಬ ಮುಜುಗರ. ಆದರೆ ಈ ತೊಂದರೆಯ ಗಂಡಸರನ್ನು ಆಸ್ಪತ್ರೆಗೆ ಎಳೆದುಕೊಂಡು ಬರುವವರು ಬಹುಮಟ್ಟಿಗೆ ಹೆಂಡತಿ, ಮಗಳು, ಸೊಸೆಯರೇ. ರಾತ್ರಿ ನಾಲ್ಕು ಸಲ ಎದ್ದು ಹೋಗುವುದನ್ನು ಗಂಡಸು ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕುತ್ತಾನೆ, ಮನೆಯಾಕೆ ಲೆಕ್ಕ ಇಟ್ಟಿರುತ್ತಾಳೆ. ಹಾಗೆ ಎದ್ದು ಹೋಗುವವರಲ್ಲಿ ಹೆಚ್ಚಿನವರಿಗೆ ಇರುವುದು ವಯಸ್ಸಿನ ಜೊತೆ ಬರುವ ಗ್ರಂಥಿಯ ಊತ, ಕ್ಯಾನ್ಸರ್ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಸಭೆಯಲ್ಲಿ ಕೆಲವರಾದರೂ ನಿರಾಳವಾಗಿ ಕೂತು ಕೇಳಬಹುದು.

ನಾನು ರೇಡಿಯಾಲಜಿಸ್ಟ್. ಸ್ಕ್ಯಾನಿಂಗ್ ಬಂದಿದ್ದರಿಂದ ಕ್ಯಾನ್ಸರನ್ನು ಬೇಗ ಹಿಡಿಯುವಂತಾಯಿತು ಎಂದು ನನ್ನ ವೃತ್ತಿಯವರು ಹೇಳಿಕೊಳ್ಳುವುದು ರೂಢಿ. ಪ್ರಾಸ್ಟೇಟಿನ ಮಟ್ಟಿಗೆ ನಾನು ಬೇರೆಯೇ ಮಾತು ಹೇಳಲು ಬಂದಿದ್ದೇನೆ. ಇಲ್ಲಿ ಸ್ಕ್ಯಾನಿಂಗ್ ಮಾಡಿದ ದೊಡ್ಡ ಉಪಕಾರ ಯಾರನ್ನು ಸುಮ್ಮನೆ ಬಿಡಬಹುದು ಎಂದು ತೋರಿಸಿಕೊಟ್ಟದ್ದು.

ಪ್ರಾಸ್ಟೇಟ್ ಇರುವ ಜಾಗವೇ ತೊಡಕಿನದು. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂಳೆಗಳ ನಡುವೆ ಆಳದಲ್ಲಿ ಕೂತಿದೆ. ಮೂತ್ರನಾಳ ಅದರ ಮಧ್ಯದಿಂದಲೇ ಹಾದುಹೋಗುತ್ತದೆ. ವೈದ್ಯರು ಗುದದ್ವಾರದ ಮೂಲಕ ಬೆರಳಿಟ್ಟು ನೋಡಿದರೆ ಸಿಗುವುದು ಅದರ ಹಿಂಭಾಗ ಮಾತ್ರ. 1970ರ ದಶಕದ ಹೊತ್ತಿಗೆ ಜಪಾನಿನ ಹಿರೋಕಿ ವತನಾಬೆ ಒಂದು ಕುರ್ಚಿ ಮಾಡಿಸಿದರು. ಆಸನದ ನಡುವೆ ಅಲ್ಟ್ರಾಸೌಂಡಿನ ಕೊಳವೆ, ಅದರ ಮೇಲೆ ರೋಗಿ ಕೂರಬೇಕು. ಆ ಕುರ್ಚಿಯ ಫೋಟೋ ನೋಡಿದ ನಮ್ಮ ವಿದ್ಯಾರ್ಥಿಗಳು ಈಗಲೂ ನಗುತ್ತಾರೆ. ಆದರೆ ಪ್ರಾಸ್ಟೇಟನ್ನು ಪರದೆಯ ಮೇಲೆ ಸರಿಯಾಗಿ ಕಾಣಿಸಿದ್ದು ಆ ದಾರಿಯೇ.

ಗ್ರಂಥಿ ಕಂಡಿತು, ಗಂಟು ಕಾಣಲಿಲ್ಲ. ಪ್ರಾಸ್ಟೇಟಿನ ಕ್ಯಾನ್ಸರ್ ಅನೇಕ ಸಲ ಅಲ್ಟ್ರಾಸೌಂಡಿನಲ್ಲಿ ಸುತ್ತಲಿನ ಮಾಂಸದ ಬಣ್ಣದಲ್ಲೇ ಬೆರೆತುಹೋಗುತ್ತದೆ. ಅಷ್ಟರಲ್ಲಿ ಪಿಎಸ್‌ಎ ಎಂಬ, ಪ್ರಾಸ್ಟೇಟ್ ಗ್ರಂಥಿಯ ಒಂದು ಅಂಶವನ್ನು ಅಳೆಯುವ ರಕ್ತಪರೀಕ್ಷೆ ಬಂತು. ಅಮೆರಿಕದಲ್ಲಿ 1986ರಲ್ಲಿ ರೋಗದ ಮೇಲೆ ನಿಗಾ ಇಡಲು, 1994ರಲ್ಲಿ ರೋಗ ಪತ್ತೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ರಕ್ತದಲ್ಲಿ ಆ ಅಂಶ ಹೆಚ್ಚಿದೆ, ಗಂಟು ಎಲ್ಲಿದೆ ಗೊತ್ತಿಲ್ಲ. ಹಾಗಾಗಿ ಅಲ್ಟ್ರಾಸೌಂಡ್ ನೋಡುತ್ತ ಗ್ರಂಥಿಯ ಎಡಬಲಗಳಿಂದ ಹತ್ತು ಹನ್ನೆರಡು ತುಣುಕು ತೆಗೆದು ಲ್ಯಾಬಿಗೆ ಕಳಿಸುವ ಬಯಾಪ್ಸಿ ಪದ್ಧತಿಯಾಯಿತು. ಸ್ತನದಲ್ಲಾಗಲಿ ಥೈರಾಯ್ಡ್‌ನಲ್ಲಾಗಲಿ ಗಂಟನ್ನು ನೋಡಿ ಅದಕ್ಕೇ ಸೂಜಿ ಹಾಕುತ್ತಿದ್ದ ಕಾಲದಲ್ಲಿ, ಇದೊಂದು ಅಂಗದಲ್ಲಿ ಮಾತ್ರ ಸೂಜಿ ಅಂದಾಜಿನ ಮೇಲೆ ನಡೆಯುತ್ತಿತ್ತು. ಅದೂ ಗುದನಾಳದ ಗೋಡೆಯ ಮೂಲಕ. ಅಲ್ಲಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಹೋಗಿ ಕೆಲವರಿಗೆ ಚಳಿಜ್ವರ, ರಕ್ತಕ್ಕೆ ಸೋಂಕು. ಈಗ ಕಾಲುಗಳ ಸಂದಿಯ ಚರ್ಮದ ಮೂಲಕ ಸೂಜಿ ಹಾಕುವ ಪದ್ಧತಿಗೆ ಒಲವು ಹೆಚ್ಚಿರುವುದಕ್ಕೆ ಇದೇ ಕಾರಣ.

ಈ ಅಂದಾಜು ಎಷ್ಟು ಕೆಟ್ಟದ್ದು ಎಂದು ಅಳೆದು ತೋರಿಸಿದ್ದು ಬ್ರಿಟನ್ನಿನ ‘ಪ್ರಾಮಿಸ್’ ಅಧ್ಯಯನ. ಹಶೀಂ ಅಹ್ಮದ್, ಮಾರ್ಕ್ ಎಂಬರ್ಟನ್ ಮತ್ತು ಸಂಗಡಿಗರು ಅದನ್ನು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಣತನ ಇರುವುದೇ ಅಲ್ಲಿ. ಹಿಂದೆ ಬಯಾಪ್ಸಿ ಆಗಿರದ 576 ಗಂಡಸರು ಮೂರು ಪರೀಕ್ಷೆಗೂ ಒಳಗಾದರು. ಮೊದಲು ಎಂಆರ್‌ಐ. ಆಮೇಲೆ ಅರಿವಳಿಕೆ ಕೊಟ್ಟು, ಗ್ರಂಥಿಯ ಉದ್ದಗಲಕ್ಕೂ 5 ಮಿಲಿಮೀಟರಿಗೊಂದರಂತೆ ಸೂಜಿ. ಅದರ ಬೆನ್ನಿಗೇ ಹಳೆಯ ಪದ್ಧತಿಯ ಬಯಾಪ್ಸಿ. ಇಷ್ಟು ಒತ್ತಾಗಿ ಸೂಜಿ ಬಿದ್ದ ಮೇಲೆ ಗಣನೀಯ ಕ್ಯಾನ್ಸರ್ ತಪ್ಪಿಸಿಕೊಳ್ಳುವುದು ಕಷ್ಟ. ಅದನ್ನೇ ನಿಜವೆಂದಿಟ್ಟುಕೊಂಡು ಉಳಿದೆರಡನ್ನು ತೂಗಿದರು. ಎಂಆರ್‌ಐ ಏನು ಹೇಳಿತೆಂಬುದು ಬಯಾಪ್ಸಿ ಮಾಡುವವರಿಗೆ ತಿಳಿಯದಂತೆ ನೋಡಿಕೊಂಡರು.

ಅಪಾಯದ ಕ್ಯಾನ್ಸರ್ ನಿಜಕ್ಕೂ ಇದ್ದ ಪ್ರತಿ 100 ಮಂದಿಯಲ್ಲಿ ಹಳೆಯ ಬಯಾಪ್ಸಿ ಹಿಡಿದದ್ದು 48 ಮಂದಿಯನ್ನು. ಎಂಆರ್‌ಐ 93 ಮಂದಿಯನ್ನು. ಎಷ್ಟೋ ವರ್ಷ ನಾವು ‘ಬಯಾಪ್ಸಿಯಲ್ಲಿ ಏನೂ ಇಲ್ಲ, ಹೋಗಿ ಬನ್ನಿ’ ಎಂದು ಕಳಿಸಿದವರ ಮಾತು ಇದು.

ಇಷ್ಟಕ್ಕೇ ನಿಲ್ಲಿಸಿದರೆ ಯಂತ್ರ ಮಾರುವವರ ಭಾಷಣವಾದೀತು. ಅದೇ ಅಧ್ಯಯನದಲ್ಲಿ, ಅಂಥ ಕ್ಯಾನ್ಸರ್ ಇಲ್ಲದ 100 ಮಂದಿಯ ಪೈಕಿ ಎಂಆರ್‌ಐ ಸರಿಯಾಗಿ ‘ಅನುಮಾನವಿಲ್ಲ’ ಎಂದದ್ದು 41 ಮಂದಿಗೆ ಮಾತ್ರ. ಉಳಿದವರಿಗೆ ವೃಥಾ ಆತಂಕ. ಇನ್ನು, ಎಂಆರ್‌ಐ ಸರಿಯಿದೆ ಎಂದವರಲ್ಲೂ 100ಕ್ಕೆ ಹನ್ನೊಂದು ಮಂದಿಯಲ್ಲಿ ರೋಗವಿತ್ತು. ಚಿತ್ರ ಅನುಮಾನ ಹೇಳುತ್ತದೆ, ಕ್ಯಾನ್ಸರ್ ಎಂದು ಹೇಳುವ ಅಧಿಕಾರ ಈಗಲೂ ತುಣುಕನ್ನು ಮೈಕ್ರೋಸ್ಕೋಪಿನಡಿ ನೋಡುವ ಪೆಥಾಲಜಿಸ್ಟರದೇ.

ಮರುವರ್ಷ, 2018ರಲ್ಲಿ, ವೀರು ಕಾಸಿವಿಶ್ವನಾಥನ್ ಮತ್ತು ಸಂಗಡಿಗರ ‘ಪ್ರಿಸಿಷನ್’ ಅಧ್ಯಯನ ಬಂತು. 11 ದೇಶ, 500 ಗಂಡಸರು. ಒಂದು ಗುಂಪಿಗೆ ನೇರವಾಗಿ ಹಳೆಯ ಬಯಾಪ್ಸಿ. ಇನ್ನೊಂದಕ್ಕೆ ಮೊದಲು ಎಂಆರ್‌ಐ, ಅನುಮಾನ ಕಂಡರೆ ಆ ಜಾಗಕ್ಕೆ ಮಾತ್ರ ಸೂಜಿ. ಎರಡನೆಯ ಗುಂಪಿನಲ್ಲಿ 28% ಮಂದಿಗೆ ಸೂಜಿಯೇ ಬೇಕಾಗಲಿಲ್ಲ. ಅಪಾಯದ ಕ್ಯಾನ್ಸರ್ 38% ಮಂದಿಯಲ್ಲಿ ಸಿಕ್ಕಿತು, ಹಳೆಯ ಪದ್ಧತಿಯಲ್ಲಿ 26%. ನನಗೆ ಇದಕ್ಕಿಂತ ಮುಖ್ಯವೆನಿಸುವ ಅಂಕಿ ಬೇರೆ. ಉಪದ್ರವ ಕೊಡದ, ಗೊತ್ತಾಗದಿದ್ದರೇ ಒಳ್ಳೆಯದಾಗಿದ್ದ ಸಣ್ಣ ಕ್ಯಾನ್ಸರ್ ಹಳೆಯ ಪದ್ಧತಿಯಲ್ಲಿ 22% ಮಂದಿಯಲ್ಲಿ ಪತ್ತೆಯಾದರೆ, ಎಂಆರ್‌ಐ ಗುಂಪಿನಲ್ಲಿ 9%.

ಪತ್ತೆಯಾಗದಿದ್ದರೇ ಒಳ್ಳೆಯದು ಎಂಬ ಮಾತಿಗೆ ಕೆಲವರು ಹುಬ್ಬೇರಿಸಿದಿರಿ. ಬ್ರಿಟನ್ನಿನದೇ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಒಂದಕ್ಕೆ ವಿಕಿರಣ, ಒಂದಕ್ಕೆ ನಿಗಾ ಎಂದು ಹಂಚಿದರು. ಸುಮಾರು 15 ವರ್ಷದ ನಂತರ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು 45 ಮಂದಿ. ಮೂರು ಗುಂಪುಗಳ ನಡುವೆ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆಪರೇಷನ್ ಆದವರಲ್ಲಿ ಮೂತ್ರ ಸೋರುವುದು, ದಾಂಪತ್ಯದ ತೊಂದರೆ ಹೆಚ್ಚಿತ್ತು. ಕ್ಯಾನ್ಸರ್ ಎಂಬ ಪದ ಒಮ್ಮೆ ಕಿವಿಗೆ ಬಿದ್ದರೆ ನಮ್ಮ ಮನೆಗಳಲ್ಲಿ ‘ನಿಗಾ ಇಡೋಣ’ ಎಂಬ ಸಲಹೆಗೆ ಬೆಲೆಯಿಲ್ಲ. ಅಮೆರಿಕದಿಂದ ಮಗ ಫೋನ್ ಮಾಡಿ ‘ತೆಗೆಸಿಬಿಡಿ ಅಪ್ಪ’ ಅನ್ನುತ್ತಾನೆ.

ಇನ್ನು ನಮ್ಮ ಕೋಣೆಯೊಳಗೆ ಬನ್ನಿ. ಸ್ಕ್ಯಾನಿಗೆ ಮುಂಚೆ ಶೌಚಕ್ಕೆ ಹೋಗಿ ಬನ್ನಿ ಅನ್ನುವುದು ಸೌಜನ್ಯಕ್ಕಲ್ಲ. ಗುದನಾಳದಲ್ಲಿ ಗಾಳಿ ತುಂಬಿದ್ದರೆ ಪಕ್ಕದಲ್ಲೇ ಇರುವ ಪ್ರಾಸ್ಟೇಟಿನ ಚಿತ್ರ ಸೊಟ್ಟಗಾಗುತ್ತದೆ. ನಾವು ತೆಗೆಯುವುದು ಮೂರು ಬಗೆಯ ಚಿತ್ರ. ಮೊದಲ ಬಗೆಯ ಚಿತ್ರದಲ್ಲಿ ಗ್ರಂಥಿಯ ಹೊರವಲಯ ಬೆಳ್ಳಗೆ ಕಾಣಬೇಕು. ಈ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ, ಮತ್ತು ಅಲ್ಲಿ ಅದು ಕಪ್ಪು ಕಲೆಯಾಗಿ ತೋರುತ್ತದೆ. ಒಳವಲಯ ಕಷ್ಟದ್ದು. ವಯಸ್ಸಾದವರಲ್ಲಿ ಅಲ್ಲಿ ಊತದ ಉಂಡೆಗಳು ಒತ್ತೊತ್ತಾಗಿ ಕೂತಿರುತ್ತವೆ, ಪ್ರತಿಯೊಂದಕ್ಕೂ ಒಂದು ಅಂಚಿರುತ್ತದೆ. ಆ ಅಂಚೆಲ್ಲ ಮಾಯವಾಗಿ, ಇದ್ದಿಲಿನಲ್ಲಿ ಗೀಚಿದ್ದನ್ನು ಬೆರಳಿನಿಂದ ಒರೆಸಿದಂತೆ ಕಂಡರೆ ನಾವು ಕುರ್ಚಿ ಮುಂದಕ್ಕೆಳೆದು ಕೂರುತ್ತೇವೆ.

ಎರಡನೆಯ ಬಗೆ ನೀರಿನ ಚಲನೆಯದು. ಜೀವಕೋಶಗಳ ನಡುವೆ ನೀರಿನ ಅಣುಗಳು ಸದಾ ಅಲೆದಾಡುತ್ತಿರುತ್ತವೆ. ಕ್ಯಾನ್ಸರ್ ಕೋಶಗಳು ಕಿಕ್ಕಿರಿದ ಕಡೆ ಅವಕ್ಕೆ ಜಾಗವಿಲ್ಲ. ಆ ತಡೆಯನ್ನು ಯಂತ್ರ ಅಳೆಯುತ್ತದೆ. ಮೂರನೆಯದು ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟು ತೆಗೆಯುವ ಚಿತ್ರ. ಎಲ್ಲ ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. ಪೈ-ರಾಡ್ಸ್ ಎಂಬ ಈ ಲೆಕ್ಕ ಯುರೋಪಿನಲ್ಲಿ 2012ರಲ್ಲಿ ಶುರುವಾಗಿ, ಈಗ ಬಳಕೆಯಲ್ಲಿರುವ ರೂಪ 2019ರದು. 1, 2 ಬಂದವರಿಗೆ ಸಾಮಾನ್ಯವಾಗಿ ಭಯವಿಲ್ಲ. 4, 5 ಬಂದರೆ ಬಯಾಪ್ಸಿ. ನಮ್ಮನ್ನು ಕಾಡುವುದು 3. ಆಗ ಗ್ರಂಥಿಯ ಗಾತ್ರ ನೆರವಿಗೆ ಬರುತ್ತದೆ. ಇಬ್ಬರಿಗೂ ಪಿಎಸ್‌ಎ 6 ಇದೆ ಅನ್ನಿ. ಒಬ್ಬರ ಗ್ರಂಥಿ 80 ಮಿಲಿಲೀಟರ್, ಭಾಗಿಸಿದರೆ 0.075. ಅಷ್ಟು ದೊಡ್ಡ ಗ್ರಂಥಿಗೆ ಆ ಪಿಎಸ್‌ಎ ಸಹಜ. ಇನ್ನೊಬ್ಬರದು 30, ಭಾಗಿಸಿದರೆ 0.2. ಗಡಿ 0.15 ಎಂದು ರೂಢಿಯಾದ್ದರಿಂದ ಎರಡನೆಯವರಿಗೆ ಸೂಜಿ ಹಾಕುವುದೇ ಲೇಸು.

ನಮ್ಮ ದೇಶದಲ್ಲಿ ಚಿತ್ರ ಓದುವವರಿಗೆ ಇನ್ನೊಂದು ಎಚ್ಚರ ಬೇಕು. ಕ್ಷಯ ಪ್ರಾಸ್ಟೇಟಿಗೂ ತಗಲುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಚಿಕಿತ್ಸೆ ಪಡೆದವರಲ್ಲೂ ಇಂಥದೇ ಉರಿಯೂತ ಆಗುವುದುಂಟು. ಎಂಆರ್‌ಐನಲ್ಲಿ ಎರಡೂ ಥೇಟ್ ಕ್ಯಾನ್ಸರಿನಂತೆ ಕಾಣಬಹುದು, ಅಂಕ 5 ಬರುವುದೂ ಉಂಟು.

ಇಲ್ಲಿ ಕರ್ನಾಟಕದ ಮಾತು. ಬೆಂಗಳೂರಿನಲ್ಲಿ ಹುಟ್ಟುಹಬ್ಬಕ್ಕೆ ಮಕ್ಕಳು ಉಡುಗೊರೆಯಾಗಿ ಕೊಡುವ ಚೆಕಪ್ ಪ್ಯಾಕೇಜಿನಲ್ಲಿ ಪಿಎಸ್‌ಎ ಸೇರಿರುತ್ತದೆ. ಕೇಳದ ಪ್ರಶ್ನೆಗೆ ಉತ್ತರ ಬಂದು ಮನೆಮಂದಿ ಕಂಗಾಲು. ಅದೇ ಹೊತ್ತಿಗೆ ಹಳ್ಳಿಯಿಂದ ಬಂದವರೊಬ್ಬರು ವರ್ಷದಿಂದ ಸೊಂಟನೋವಿಗೆ ಎಣ್ಣೆ ತಿಕ್ಕಿಸಿಕೊಂಡು, ಕಾಲು ಸೋತ ಮೇಲೆ ಸ್ಟ್ರೆಚರಿನಲ್ಲಿ ಬರುತ್ತಾರೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿರುತ್ತದೆ. ಬ್ರಿಟನ್ನಿನ ಅಂಕಿಗಳು ಮೊದಲನೆಯವರಿಗೆ ಅನ್ವಯ, ಎರಡನೆಯವರಿಗಲ್ಲ. ಅವರಿಗೆ ಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬೆರಳಿಟ್ಟು ನೋಡುವ ಒಬ್ಬ ವೈದ್ಯ, ಒಂದು ಪಿಎಸ್‌ಎ.

ಹರಡಿದ್ದನ್ನು ನೋಡಲು ಈಗ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಇದೆ. ಆಸ್ಟ್ರೇಲಿಯಾದಲ್ಲಿ ಅಪಾಯ ಹೆಚ್ಚಿದ್ದ 302 ಮಂದಿಯಲ್ಲಿ ನಡೆದ ಅಧ್ಯಯನ 2020ರಲ್ಲಿ ಬಂತು. ಸಿಟಿ ಮತ್ತು ಮೂಳೆ ಸ್ಕ್ಯಾನ್ ಸೇರಿ 65% ನಿಖರ, ಪಿಎಸ್‌ಎಂಎ ಪೆಟ್ 92%. ಅದರಲ್ಲಿ ಬಳಸುವ ವಿಕಿರಣಶೀಲ ಗ್ಯಾಲಿಯಂ 68 ನಿಮಿಷಕ್ಕೆ ಅರ್ಧವಾಗುವುದರಿಂದ ಸ್ಕ್ಯಾನಿನ ಹೊತ್ತಿಗೆ ಸರಿಯಾಗಿ ತಯಾರಾಗಬೇಕು. ತಾಲ್ಲೂಕು ಆಸ್ಪತ್ರೆಯ ಮಾತಲ್ಲ.

ನಮಗೆ ಹೆಚ್ಚು ಒದಗುವ ಸುದ್ದಿ 2025ರ ‘ಪ್ರೈಮ್’ ಅಧ್ಯಯನದ್ದು. 12 ದೇಶಗಳ 490 ಮಂದಿಯಲ್ಲಿ ಗ್ಯಾಡೋಲಿನಿಯಂ ಇಲ್ಲದ ಎಂಆರ್‌ಐ, ಇಂಜೆಕ್ಷನ್ ಇರುವಷ್ಟೇ ಕ್ಯಾನ್ಸರ್ ಹಿಡಿಯಿತು. ಎರಡರಲ್ಲೂ ಸುಮಾರು 29%. ಚಿತ್ರ ಚೆನ್ನಾಗಿರಬೇಕೆಂಬ ಷರತ್ತಿದೆ. ಆದರೂ ಸಮಯ, ಖರ್ಚು ಎರಡೂ ಇಳಿಯುತ್ತವೆ, ಒಂದೇ ಯಂತ್ರ ಇರುವ ಜಿಲ್ಲಾ ಕೇಂದ್ರದಲ್ಲಿ ದಿನಕ್ಕೆ ಇನ್ನೂ ಕೆಲವರಿಗೆ ಜಾಗ ಸಿಗುತ್ತದೆ.

ಕಡೆಗೆ, ಭಾಷಣ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕೇಳುವ ಪ್ರಶ್ನೆಗಳಿಗೆ ಇಲ್ಲೇ ಉತ್ತರ. ಐವತ್ತು ದಾಟಿದವರೆಲ್ಲ ಎಂಆರ್‌ಐ ಮಾಡಿಸಬೇಕೆ? ಬೇಡ. ಪಿಎಸ್‌ಎ ಮಾಡಿಸಬೇಕೆ ಎಂಬುದನ್ನೂ ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ; ತಂದೆಗೋ ಅಣ್ಣನಿಗೋ ಬಂದಿದ್ದರೆ ಆ ಮಾತನ್ನು ಬೇಗ ಆಡಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದಂತೆ, ಹೌದೆ? ಪ್ರಾಸ್ಟೇಟಿನಲ್ಲಿ ಅದು ತೀರಾ ಅಪರೂಪ, ಆ ಭಯಕ್ಕೆ ಬಯಾಪ್ಸಿ ಬಿಡಬೇಡಿ. ಆದರೆ ಪಿಎಸ್‌ಎ ಹೆಚ್ಚಿದೆ ಎಂದ ಕೂಡಲೇ ಬಯಾಪ್ಸಿಗೆ ಬರೆದುಕೊಟ್ಟರೆ, ‘ಎಂಆರ್‌ಐ ಮೊದಲು ಆಗಬಹುದೆ ಸಾರ್’ ಎಂದು ಕೇಳಿ. ಸೂಜಿ ಬಿದ್ದ ಮೇಲೆ ಗ್ರಂಥಿಯೊಳಗೆ ರಕ್ತ ವಾರಗಟ್ಟಲೆ ನಿಂತು ಚಿತ್ರವನ್ನು ಕೆಡಿಸುತ್ತದೆ, ಕನಿಷ್ಠ ಆರು ವಾರ ಕಾಯಬೇಕಾಗುತ್ತದೆ. ಸ್ಕ್ಯಾನಿಗೆ ಬರುವಾಗ ಹಿಂದಿನ ಪಿಎಸ್‌ಎ ಚೀಟಿಗಳೆಲ್ಲ ಇರಲಿ. ಹಳೆಯ ಸ್ಕ್ಯಾನ್ ಇದ್ದರೆ ವರದಿಯ ಹಾಳೆ ಸಾಲದು, ಸಿ.ಡಿ.ಯನ್ನೇ ತನ್ನಿ. ಇನ್ನು ನೀವು ಕೇಳಿ.